ಗುಬ್ಬಿಗಳಿಗೆ ಹಿಡಿದ ಸೀಟು

ಇಪ್ಪತ್ತೆಂಟು ವರ್ಷ ಔರಾದ–ಠಾಣಾ ಕುಶನೂರ ಬಸ್ಸಿನಲ್ಲಿ ಕಂಡಕ್ಟರಾಗಿ ಊರಿಗೆ ಊರನ್ನೇ ಗದರಿಸಿ ನಿವೃತ್ತರಾದ ಶರಫೋದ್ದೀನರಿಗೆ ಒಂದು ಗೊರವಂಕ ಹಕ್ಕಿ ಏಳು ಕೆರೆ ನೀರು ಕುಡಿಸಿತು ಎಂದರೆ ಅವರಿರುವ ಮೈಲೂರಿನಲ್ಲಿ ಯಾರೂ ನಂಬುವುದಿಲ್ಲ. ಆದರೆ ನಡೆದದ್ದು ಹಾಗೆಯೇ.

ಅವರ ಹೆಂಡತಿ ಖುರ್ಷಿದ ಬೇಗಂ ಮೊಣಕಾಲಿನ ಆಪರೇಶನ್ ಆಗಿ, ಹಿತ್ತಲ ಕಿಟಕಿಯ ಪಕ್ಕದ ಮಂಚ ಹಿಡಿದಿದ್ದರು. ಕಾಂಪೌಂಡ್ ಗೋಡೆಯ ಮೇಲಿನ ತಾಟಿಗೆ ಶರಫೋದ್ದೀನರು ಜೋಳದ ನುಚ್ಚು ಹಾಕಿದರೆ ಏಳೆಂಟು ಗುಬ್ಬಿ ಬರುತ್ತಿದ್ದವು. ಅವು ಬಂದ ಮೇಲೆಯೇ ಬೇಗಂ ಚಹಾ ಮುಟ್ಟುವುದು. ಅಂಥದ್ದರಲ್ಲಿ ವಕ್ಕರಿಸಿತು ಈ ಗೊರವಂಕ. ಹೊಟ್ಟೆ ತುಂಬಿದರೂ ತಾಟು ಬಿಡದು. ಗುಬ್ಬಿ ಇಳಿದರೆ ಕುತ್ತಿಗೆ ಚಾಚಿ ಅಟ್ಟುತ್ತದೆ. ಏಳೆಂಟು ಇದ್ದದ್ದು ಮೂರಾದವು. ಬೇಗಂ ಅವರ ಚಹಾ ಕಪ್ಪಿನಲ್ಲೇ ಆರತೊಡಗಿತು.

"ಮುಂದ ಸರಿ! ಒಳಗ ಜಾಗಾ ಅದ!" ಎಂದು ಶರಫೋದ್ದೀನರು ಬಸ್ಸಿನ ದನಿಯಲ್ಲೇ ಗದರಿದರು. ಹಳೆಯ ವಿಶಲ್ ಊದಿದರು. ಗೊರವಂಕ ಕತ್ತು ಓರೆ ಮಾಡಿ ನೋಡಿತು, ಅಷ್ಟೆ. ಹಾರಿಹೋದದ್ದು ಗುಬ್ಬಿಗಳು.

ಮರುದಿನ ಅವರು ಮಾಡಿದ್ದನ್ನು ಕೇಳಿದರೆ ಹಳೆಯ ಪ್ರಯಾಣಿಕರು ಬಿದ್ದು ಬಿದ್ದು ನಕ್ಕಾರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರೊಡನೆ ನೌಕರಿಯುದ್ದಕ್ಕೂ ಜಗಳಾಡಿದವರು, ತಾವೇ ಹೆಗಲ ಟವೆಲ್ ತೆಗೆದು ಅರ್ಧ ತಾಟಿಗೆ ಹಾಸಿದರು, ಗುಬ್ಬಿಗಳ ಹೆಸರಿನಲ್ಲಿ! ಗೊರವಂಕ ಆ ಟವೆಲ್ ಮೇಲೆಯೇ ಆರಾಮಾಗಿ ಕೂತು ಉಂಡಿತು. ಗಾಳಿಗೆ ಪಟಪಟಿಸುವ ಅಂಚಿಗೆ ಹೆದರಿ ಉಳಿದ ಮೂರು ಗುಬ್ಬಿಗಳೂ ಬರುವುದನ್ನು ಬಿಟ್ಟವು.

ಎರಡು ದಿನ ಹಿತ್ತಲು ಬಿಕೋ ಎಂದಿತು. ಬೇಗಂ ಕಿಟಕಿಗೆ ಬೆನ್ನು ಮಾಡಿ ಮಲಗಿದರು.

ಮೂರನೆಯ ಬೆಳಿಗ್ಗೆ ಬೇಗಂ ಅವರೇ ಬಾಯಿ ಬಿಟ್ಟರು. "ಆ ಟವೆಲ್ ತೆಗೀರಿ. ಇಲ್ಲಿ ಕಿಟಕಿ ಕೆಳಗ, ಬಚ್ಚಲ ಗೋಡಿ ಮರಿಗಿ, ಅದರ ಕಣ್ಣಿಗಿ ಬೀಳದಂಗ ಇನ್ನೊಂದ್ ತಾಟ ಇಡ್ರಿ. ಠಾಣಾ ಕುಶನೂರ ಮಂದಿ ಇನ್ನೊಂದ್ ಬಸ್ ಬಿಡ್ರಿ ಅಂತ ಬಾಯಿ ಬಾಯಿ ಬಡ್ಕೋತಾರಂತ ನೀವೇ ಮನಿಗಿ ಬಂದ್ ಹೇಳ್ತಿದ್ರಲ್ಲರಿ?"

ಇಟ್ಟರು. ಗೊರವಂಕ ತನ್ನ ತಾಟನ್ನು ಕಾಯುತ್ತ ಗೋಡೆಯ ಮೇಲೆಯೇ ಕೂತಿತು. ಈಚೆ ಮೊದಲು ಒಂದು ಗುಬ್ಬಿ ಇಳಿಯಿತು, ಹೊತ್ತೇರುವಷ್ಟರಲ್ಲಿ ಐದಾದವು. ಬೇಗಂ ಬಿಸಿ ಚಹಾ ಕುಡಿದರು.

ಶರಫೋದ್ದೀನರು ಟವೆಲ್ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು.

"ಇಪ್ಪತ್ತೆಂಟ್ ವರ್ಷ, ಒಳಗ ಜಾಗಾ ಅದ, ಮುಂದ ಸರೀರಿ ಅಂತ ಒದರೀನಿ," ಎಂದರು. "ಇರ್ಲಿಲ್ಲ ಬೇಗಂ. ಖರೇನೇ ಜಾಗಾ ಇರ್ಲಿಲ್ಲ."