ಓದದೆ ಕೊಟ್ಟ ಒಪ್ಪಿಗೆ

ಸನತ್‌ನಗರದ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಭೀಮಾಶಂಕರನದು ಅನುಮಾನಪಡುವ ನೌಕರಿ. ಯಾರೋ ಪುಣ್ಯಾತ್ಮರು ಬರೆದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿರುವ ಪ್ಯಾಕೇಜುಗಳನ್ನು, ಅಂದರೆ ಸಿದ್ಧ ಪ್ರೋಗ್ರಾಮಿನ ತುಣುಕುಗಳನ್ನು, ಕಂಪನಿ ಬಳಸುವ ಮೊದಲು ಅವನು ಜಾಲಾಡಬೇಕು. ಬರೆದವರು ಈಗಲೂ ಅದನ್ನು ನೋಡಿಕೊಳ್ಳುತ್ತಾರೋ, ಬಳಸಿದವರ ದೂರಿಗೆ ಉತ್ತರ ಕೊಟ್ಟಿದ್ದಾರೋ ಎಂದು ತಿಳಿಯಬೇಕು. ಹದಿನಾಲ್ಕು ವರ್ಷ ಯಾರ ಮುಲಾಜಿಗೂ ಬೀಳದವನು, ದೊಡ್ಡ ಹೆಸರಿನವರ ಪ್ಯಾಕೇಜುಗಳನ್ನೂ ಬೇಡವೆಂದು ತಳ್ಳಿದವನು.

ಅಂಥವನು ಬಿದ್ದದ್ದು ಊರಿನ ಹೆಸರಿಗೆ. ದಿನಾಂಕ ಲೆಕ್ಕ ಹಾಕುವ ಪ್ಯಾಕೇಜೊಂದನ್ನು ಬರೆದವನು ಲಿಂಗಸುಗೂರಿನ ಹುಲಗೇಶ. ಲಿಂಗಸುಗೂರು ಭೀಮಾಶಂಕರನ ತಾಯಿಯ ತವರು. ಪರಊರಿನಲ್ಲಿ ದಿನವಿಡೀ ತೆಲುಗು, ಹಿಂದಿಯಲ್ಲಿ ಬಾಯಿ ಸವೆಸುವವನಿಗೆ ವಿಚಾರಿಸಲೆಂದು ಹಚ್ಚಿದ ಫೋನಿನಲ್ಲಿ ಆ ಕಡೆಯ ಕನ್ನಡ ಕೇಳಿ ಹೊಟ್ಟೆ ತಣ್ಣಗಾಯಿತು. ಯಾವ ಓಣಿ, ಯಾರ ಪೈಕಿ ಎಂದು ಅರ್ಧ ತಾಸು ಮಾತಾಡಿ, ಫೋನಿಟ್ಟು, ಒಪ್ಪಿಗೆ ಬರೆದುಬಿಟ್ಟ. ದೂರುಗಳ ಪುಟ ತೆರೆಯಲೇ ಇಲ್ಲ. ತಿಂಗಳ ಕೊನೆಯಲ್ಲಿ ತಾರೀಕು ಒಂದು ದಿನ ಮುಂದಕ್ಕೆ ಹೋಗುತ್ತದೆಂದು ಯಾರೋ ಅಲ್ಲಿ ಆರು ತಿಂಗಳಿಂದ ಬಡಕೊಳ್ಳುತ್ತಿದ್ದರು.

ಡಯಾಲಿಸಿಸ್ ಕ್ಲಿನಿಕ್ಕೊಂದು ರೋಗಿಗಳಿಗೆ ಸರದಿಯ ದಿನ ತಿಳಿಸಲು ಕಳಿಸುವ ಮೆಸೇಜುಗಳಿಗೆ ಕಂಪನಿ ಆ ಪ್ಯಾಕೇಜನ್ನು ಬಳಸಿತು. ಮಲ್ಕಾಜ್‌ಗಿರಿಯಲ್ಲಿ ಅವನಿದ್ದ ಮನೆಯ ಕೆಳಗಿನ ಮನೆಯ ಸಾಬಮ್ಮ ಅಲ್ಲಿಗೇ ಹೋಗುವವಳು. ಅವಳ ಸರದಿಯ ದಿನ ವಾರ ವಾರ ಬದಲಾಗುತ್ತಿತ್ತು. ಇನ್ನು ಮೆಸೇಜು ಬರುತ್ತದೆ, ನಾನೇ ನೋಡಿ ಹಾಕಿಸಿದ್ದೇನೆ ಎಂದು ಅವನು ಹೆಮ್ಮೆಯಿಂದ ಹೇಳಿದ್ದ. ತಿಂಗಳ ಕೊನೆಗೆ ಸಾಬಮ್ಮ ಒಂದು ದಿನ ತಡವಾಗಿ ಹೋದಳು. ಅಷ್ಟರಲ್ಲಿ ಉಸಿರು ಕಟ್ಟತೊಡಗಿತ್ತು; ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಕಾರಣ ಹುಡುಕಿ ಸರಿಪಡಿಸಿದವನೂ ಭೀಮಾಶಂಕರನೇ. ಇಂಥವು ಆಗುತ್ತಿರುತ್ತವೆ, ಬಿಡು ಎಂದರು ಆಫೀಸಿನವರು. ಹುಲಗೇಶ ಕ್ಷಮೆ ಕೇಳಿದ. ಅವನದೇನು ತಪ್ಪು? ಪುಕ್ಕಟೆ ಕೊಟ್ಟಿದ್ದ. ನೋಡುವುದಕ್ಕೆ ಸಂಬಳ ತಿನ್ನುವವನು ತಾನು ಎಂದುಕೊಂಡ ಭೀಮಾಶಂಕರ.

ಸಾಬಮ್ಮ ಮನೆಗೆ ಬಂದ ದಿನ ಕೆಳಗೆ ಹೋದ. ಮಗಳು ರೇಣುಕಾ ಜೊತೆಗಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: “ಸರದಿ ಸೋಮವಾರ ಅಂತ ಕ್ಲಿನಿಕ್ಕಿನ್ಯಾಗ ಹೇಳಿದ್ದು ನನಗ ನೆನಪಿತ್ತು ತಮ್ಮಾ. ಇವತ್ತ ಹೋಗೂಣು ಅಂತ ರೇಣುಕಾನೂ ಅಂದ್ಲು. ಮೆಸೇಜ್ ಮಂಗಳವಾರ ಅಂತೈತಿ, ಅದನ್ನ ಮ್ಯಾಲಿನ ಮನಿ ತಮ್ಮ ನೋಡ್ಯಾನ, ತಪ್ಪಾಗಂಗಿಲ್ಲ ಅಂತ ನಾನ ಆಕಿನ್ನ ಕುಂಡ್ರಿಸಿದೆ.”

“ನಾ ನೋಡಿರಲಿಲ್ಲಕ್ಕಾ,” ಅಂದ ಭೀಮಾಶಂಕರ. “ನೋಡದ ಹೂಂ ಅಂದಿದ್ದೆ.”

ಸಾಬಮ್ಮ ಬೈಯಲಿಲ್ಲ. ಚಹಾ ಕುಡಿದು ಹೋಗು ಎಂದಳು. ಅವನು ಕುಡಿಯುತ್ತಿರುವಾಗ, ಮುಂದಿನ ಸರದಿ ಯಾವತ್ತಿದೆ ಎಂದು ಮಗಳನ್ನು ಕೇಳಿದಳು. ರೇಣುಕಾ ಮೆಸೇಜು ಓದಿ ಗುರುವಾರ ಎಂದಳು. ಈಗ ಅದು ಸರಿಯಾಗಿಯೇ ಇತ್ತು. ರೇಣುಕಾ ಅವನೆದುರಿಗೇ ಕ್ಲಿನಿಕ್ಕಿಗೆ ಫೋನು ಹಚ್ಚಿ, ಗುರುವಾರವೇ ಹೌದೋ ಎಂದು ಕೇಳಿದಳು.