ಕಟ್ಟಿದವಳು ಬಿಚ್ಚಬಾರದು

ನಮ್ಮ ಹಿತ್ತಲಿಗೂ ಖತೀಜಾಬಿಯ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಸವಣೂರಿಗೆ ಸೊಸೆಯಾಗಿ ಬಂದಂದಿನಿಂದ ಆ ಗೋಡೆಯ ಮೇಲೆ ಮೊಣಕೈ ಊರಿಕೊಂಡೇ ನಾನು ಅರ್ಧ ಆಯುಷ್ಯ ಕಳೆದಿದ್ದೇನೆ. ನನ್ನದು ಬಟ್ಟೆ ಹೊಲಿಯುವ ಕೆಲಸ. ಖತೀಜಾಬಿ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಆಕೆಯ ದನಿ ಅದಕ್ಕಿಂತಲೂ ದೊಡ್ಡದು. ಆಕೆ ಗುಟ್ಟು ಹೇಳಿದರೆ ಓಣಿಯ ತುದಿಯಲ್ಲಿದ್ದವರು "ಹೌದೇನ?" ಅನ್ನುತ್ತಾರೆ.

ಆಕೆಗೆ ಇಲ್ಲದ್ದು ತಾಳ್ಮೆ ಒಂದೇ. ಹಿತ್ತಲಿನ ಪೇರಲಕಾಯಿಯನ್ನು ಹಣ್ಣಾಗುವವರೆಗೆ ಗಿಡದಲ್ಲಿ ಬಿಟ್ಟವಳಲ್ಲ. ಇಂಥವಳು ಐವತ್ತು ದಾಟಿದ ಮೇಲೆ ಶಿಗ್ಗಾವಿಯ ಹೆಂಗಸರ ತರಬೇತಿಗೆ ಹೋಗಿ ಶಿಬೋರಿ ಕಲಿಯುತ್ತೇನೆ ಅಂದಾಗ ನಾನು ನಕ್ಕಿದ್ದೆ. ಶಿಬೋರಿ ತಾಳ್ಮೆಯದೇ ಕೆಲಸ. ಬಿಳಿ ಬಟ್ಟೆಗೆ ಸಣ್ಣ ಸಣ್ಣ ಹೊಲಿಗೆ ಹಾಕಿ, ದಾರ ಜಗ್ಗಿ, ಇಡೀ ಬಟ್ಟೆಯನ್ನು ಮುದ್ದೆ ಮಾಡಿ ಗಂಟು ಬಿಗಿಯಬೇಕು. ಆಮೇಲೆ ನೀಲಿಯಲ್ಲಿ ಅದ್ದಬೇಕು. ದಾರ ಕಚ್ಚಿದ ಕಡೆ ಬಣ್ಣ ಹತ್ತುವುದಿಲ್ಲ, ಅಲ್ಲಿ ಬಿಳಿಯ ಚಿತ್ತಾರ ಉಳಿಯುತ್ತದೆ. ಅದು ಹೇಗೆ ಮೂಡಿದೆ ಎಂಬುದು ಬಿಚ್ಚುವವರೆಗೆ ಕಟ್ಟಿದವಳಿಗೂ ಗೊತ್ತಾಗುವುದಿಲ್ಲ.

ಖತೀಜಾಬಿ ತನ್ನ ಮೊದಲ ಮುದ್ದೆಗೇ ಕತ್ತರಿ ಹಾಕಿದಳು. ದಾರದ ಜೊತೆ ಬಟ್ಟೆಯೂ ಹೋಯಿತು. ಪಕ್ಕದಲ್ಲಿ ಕೂತಿದ್ದವಳು ಶೇಖವ್ವ, ಹಿರೇಕೆರೂರು ಕಡೆಯ ಅಬಲೂರಿನವಳು. ಶಿಗ್ಗಾವಿಯಲ್ಲಿ ತಂಗಿಯ ಮನೆಯಲ್ಲಿದ್ದು ಕಲಿಯಲು ಬರುತ್ತಿದ್ದಳು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವತ್ತಿನ ಹತ್ತನ್ನೂ ಒಮ್ಮೆಲೇ ಆಡಿದಳಂತೆ.

"ತನ್ನ ಅರಿವಿ ಅಂದ್ರ ಎಲ್ಲಾರಿಗೂ ಅವಸರನ. ಮಂದಿ ಅರಿವಿ ಆದ್ರ ಕೈ ತಾನ ಹಗೂರ ಆಗ್ತೈತಿ. ನಂದು ನೀ ಬಿಚ್ಚು, ನಿಂದು ನಾ ಬಿಚ್ತೇನಿ."

ಅಂದಿನಿಂದ ಇಬ್ಬರ ನಡುವೆ ಅದೇ ಕಾಯಿದೆಯಾಯಿತು: ಕಟ್ಟಿದವಳು ಬಿಚ್ಚಬಾರದು. ಖತೀಜಾಬಿ ಅದನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಳೆಂದರೆ, ಹೇಳಿದ್ದು ಶೇಖವ್ವ ಎಂಬುದೇ ಎಲ್ಲರಿಗೂ ಮರೆತುಹೋಯಿತು.

ಆಮೇಲೆ ಕೊರೊನಾ ಬಂತು, ಬಸ್ಸು ನಿಂತವು. ತರಬೇತಿಯ ಕೋಣೆಗೆ ಬೀಗ ಬೀಳುವ ದಿನ ಇಬ್ಬರ ಒಂದೊಂದು ಮುದ್ದೆ ಬಣ್ಣದಿಂದ ಆಗಷ್ಟೇ ಹೊರಗೆ ಬಂದಿತ್ತು. ಒಣಗಿರಲಿಲ್ಲ, ಬಿಚ್ಚುವ ಹಾಗಿರಲಿಲ್ಲ. ತಂತಮ್ಮ ಹಸಿ ಮುದ್ದೆಯನ್ನೇ ಹಿಡಿದುಕೊಂಡು ಅವರವರು ಅವರವರ ಊರಿಗೆ ಓಡಿದರು. "ನಾ ಬರೂತನಾ ಮುಟ್ಟಬ್ಯಾಡ," ಅಂತ ಒಬ್ಬಳು, "ನೀನೂ" ಅಂತ ಇನ್ನೊಬ್ಬಳು.

ಮುದ್ದೆ ಖತೀಜಾಬಿಯ ಕಪಾಟಿನ ಮೇಲೆ ಕೂತಿತು. ವೀಳ್ಯದೆಲೆ ವ್ಯಾಪಾರ ನಿಂತು ಮನೆಯಲ್ಲೇ ಇದ್ದ ಆಕೆಯ ಗಂಡ ಶೇಖಸಾಬರಿಗೆ ಅದನ್ನು ನೋಡುವುದೇ ಉದ್ಯೋಗವಾಯಿತು. "ಇದನ್ನ ಬಿಚ್ಚತೀಯೋ, ಇದಕ್ಕ ರೇಷನ್ ಕಾರ್ಡ್ ಮಾಡಸ್ಲೋ?" ಅಂತ ಕೇಳುತ್ತಿದ್ದರು. ಖತೀಜಾಬಿ ಜಗ್ಗಲಿಲ್ಲ.

ದಿನಾ ಮಧ್ಯಾಹ್ನ ನಮಾಜು ಮುಗಿಸಿ ಆಕೆ ಶೇಖವ್ವನಿಗೆ ಫೋನು ಹಚ್ಚುತ್ತಿದ್ದಳು. ಅಬಲೂರಿನ ಮನೆಯೊಳಗೆ ಸಿಗ್ನಲ್ ಇಲ್ಲ. ಶೇಖವ್ವ ಹಳೆಯ ಗುಡಿಯ ಕಟ್ಟೆಗೆ ಬಂದು, ಫೋನನ್ನು ಕಂಬಕ್ಕೆ ಒರಗಿಸಿ ಕೂರುತ್ತಿದ್ದಳು. ಸ್ಪೀಕರ್ ಹಾಕಿಕೊಂಡು ಇಬ್ಬರೂ ಹೊಲಿಯುತ್ತಿದ್ದರು. ಇದ್ದ ಹಳೆ ಪಂಚೆ, ದಿಂಬಿನ ಚೀಲ, ಯಾವುದೂ ಉಳಿಯಲಿಲ್ಲ. ಮಾತೆಲ್ಲ ಈ ಕಡೆಯಿಂದ, ಆ ಕಡೆಯಿಂದ ಬರೀ "ಹ್ಞೂಂ". ಆದರೂ ಶೇಖವ್ವ ದಾರ ಹಲ್ಲಿನಿಂದ ಕಡಿದದ್ದು ಇಲ್ಲಿಗೆ ಕೇಳುತ್ತಿತ್ತು. ಅಲ್ಲಿನ ಆಡಿನ ಗಂಟೆ ಕೇಳಿದರೆ ಖತೀಜಾಬಿ, "ಬಂತು ನೋಡ, ನಿನ್ನ ಕುಂಟ ಆಡು," ಅನ್ನುತ್ತಿದ್ದಳು. ಆ ಒಂದು ತಾಸು ಕೇಳಲು ನಾನೂ ಮಶಿನ್ ನಿಲ್ಲಿಸಿ ಗೋಡೆಗೆ ಬರುತ್ತಿದ್ದೆ. ಎಂಥ ಸುಖ ಇತ್ತು ಅದರಲ್ಲಿ.

ಫೋನು ಇಡುವ ಮುಂಚೆ ಖತೀಜಾಬಿ ತಪ್ಪದೆ ಘೋಷಿಸುತ್ತಿದ್ದಳು: "ನಾ ಬಿಚ್ಚಿಲ್ಲವಾ, ಅಲ್ಲಾನ ಆಣಿ. ನಿಂದು?" ಶೇಖವ್ವ, "ಐತಿ," ಅಂತಷ್ಟೇ ಅನ್ನುತ್ತಿದ್ದಳು. ಮಾತು ಕಡಿಮೆಯವಳು, ಅಷ್ಟೇ ಅಂದುಕೊಂಡೆವು.

ರಮ್ಜಾನ್ ಹಬ್ಬ ಬಂತು. ಖತೀಜಾಬಿ ರೂಢಿಯಂತೆ ದೊಡ್ಡ ಪಾತ್ರೆಯಲ್ಲೇ ಶಾವಿಗೆಯ ಸುರಕುಂಬಾ ಮಾಡಿದ್ದಳು, ಉಣ್ಣಲು ಬರುವವರು ಯಾರೂ ಇರಲಿಲ್ಲ. ಗೋಡೆಯ ಮೇಲಿಂದ ನನಗೊಂದು ಡಬ್ಬಿ ಕೊಟ್ಟಳು. ತೊಳೆದು ತಿರುಗಿ ಕೊಡಲು ಹೋದಾಗ ಕಂಡದ್ದು ಇದು: ಹಿತ್ತಲ ಹೊರಸಿನ ಮೇಲೆ ಕತ್ತರಿ, ತುಂಡುತುಂಡಾದ ದಾರ, ಅದರ ನಡುವೆ ಹರವಿದ ನೀಲಿ ಬಟ್ಟೆ. ಬಟ್ಟೆಯ ತುಂಬ ಬಿಳಿ ವೀಳ್ಯದೆಲೆಗಳು, ನರನರವೂ ಕಾಣುವ ಹಾಗೆ. ಅಷ್ಟು ಚೆಂದದ್ದನ್ನು ನಾನು ಅಂಗಡಿಯಲ್ಲೂ ಕಂಡಿಲ್ಲ.

"ಅಕ್ಕಾ, ಎಷ್ಟು ಚೆಂದ ಆಗೇತ್ರಿ," ಅಂದೆ.

ಆಕೆಯ ಮುಖ ಅರಳಿತು, ಮರುಗಳಿಗೆಯೇ ಕಣ್ಣು ತುಂಬಿದವು. "ಹಬ್ಬದ ದಿನ ಮನಿ ಭಣಭಣ ಅಂತಿತ್ತು. ತಡಕೊಳ್ಳಾಕ ಆಗಲಿಲ್ಲ. ಈಗ ನೋಡು, ಅಕಿ ಇಲ್ಲದ ನೋಡಿಬಿಟ್ಟೆ. ಅಕಿಗೆ ಏನಂತ ಹೇಳಲಿ?" ಮೂಗು ಒರೆಸಿಕೊಂಡು ಕೈ ಚಾಚಿದಳು. "ದಾರದ ಉಂಡಿ ಕೊಡು."

ನನ್ನ ಮಶಿನ್ ದಾರವನ್ನೇ ನಾಲ್ಕೆಳೆ ಮಾಡಿ, ಹಳೆಯ ಸೂಜಿತೂತುಗಳಲ್ಲೇ ಪೋಣಿಸಿ, ಹೊತ್ತು ಮುಳುಗುವುದರೊಳಗೆ ಮತ್ತೆ ಮುದ್ದೆ ಕಟ್ಟಿದಳು. ಬಾಯಿ ಬಿಡುವುದಿಲ್ಲ ಅಂತ ನನ್ನಿಂದ ಹೊಲಿಗೆ ಮಶಿನ್ ಮುಟ್ಟಿಸಿ ಆಣೆ ಮಾಡಿಸಿದಳು. ಮರುದಿನದಿಂದ ಫೋನಿನಲ್ಲಿ ಅಲ್ಲಾನ ಆಣೆ ನಿಂತುಹೋಯಿತು. ಆಕೆಯೂ ಸಣ್ಣ ದನಿಯಲ್ಲಿ, "ಐತವಾ, ಕಪಾಟಿನ ಮ್ಯಾಲ," ಅನ್ನತೊಡಗಿದಳು. ಖತೀಜಾಬಿಯ ಸಣ್ಣ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಜೂನ್‌ನಲ್ಲಿ ಬಸ್ಸು ಶುರುವಾದವು. ಮೂರು ಬಸ್ಸು ಬದಲಿಸಿ, ಮೂಗಿಗೆ ಸೆರಗು ಕಟ್ಟಿಕೊಂಡು ಶೇಖವ್ವ ಬಂದಿಳಿದಳು. ಖತೀಜಾಬಿ ಓಡಿಹೋಗಿ ಅಪ್ಪಿಕೊಳ್ಳುವಷ್ಟರಲ್ಲಿ ರೋಗದ ನೆನಪಾಗಿ ಮಾರು ದೂರ ನಿಂತಳು. ನಿಂತು ನಕ್ಕಿದ್ದೂ ನಕ್ಕಿದ್ದೇ. ಕಪಾಟಿನ ಮುದ್ದೆ ಹಿತ್ತಲ ಹೊರಸಿಗೆ ಬಂದಾಗ ಮಾತ್ರ ಆ ನಗು ಬತ್ತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಇನ್ನೂ ಯಾರೂ ಏನೂ ಕೇಳದಿರುವಾಗಲೇ, "ಜಿರಲಿ ಓಡ್ಯಾಡ್ಯಾವು, ಸ್ವಲ್ಪ ಸಡ್ಲ ಆಗಿರಬೇಕು," ಅಂದಳು.

ಶೇಖವ್ವನ ಬೆರಳು ಮೊದಲ ಗಂಟಿನಲ್ಲೇ ನಿಂತವು.

"ಖತೀಜಾ, ಈ ದಾರ ನಮ್ಮದಲ್ಲ."

ಗೋಡೆಯೀಚೆ ನಿಂತಿದ್ದ ನಾನು ಪೇರಲಗಿಡ ನೋಡಿದೆ. ಖತೀಜಾಬಿ ತನ್ನ ಕಾಲ್ಬೆರಳು ನೋಡಿಕೊಂಡಳು. "ಹಬ್ಬದ ದಿನ ಬಿಚ್ಚಿದ್ನಿ. ನಿನ್ನ ಮಾತ ಮುರದೆ. ಬೇಕಾದ್ದ ಅನ್ನು," ಅಂದಳು.

ಶೇಖವ್ವ ಉಗುರಿನಲ್ಲಿ ಒಂದೊಂದೇ ಗಂಟು ಸಡಿಲಿಸಿ, ಬಟ್ಟೆ ಹರವಿ, ಪ್ರತಿ ಎಲೆಯ ಮೇಲೂ ಕೈಯಾಡಿಸಿದಳು. ಆಮೇಲೆ ತನ್ನ ಚೀಲದಿಂದ ತನ್ನ ಮುದ್ದೆ ತೆಗೆದು ಮುಂದಿಟ್ಟಳು.

ಅದು ಗೋಣಿಚೀಲ ಹೊಲಿಯುವ ದಪ್ಪ ಹುರಿಯಿಂದ ಕಟ್ಟಿದ್ದು.

ಖತೀಜಾಬಿ ಅದನ್ನು ನೋಡಿದಳು, ಶೇಖವ್ವನನ್ನು ನೋಡಿದಳು. "ನೀ ಯಾವಾಗ?"

"ಯುಗಾದಿ ಆಗಿ ಎಂಟು ದಿನಕ್ಕ. ನೀನರ ಹಬ್ಬದ ತನಕ ತಡದಿ."

ಒಳಗಿನಿಂದ ಶೇಖಸಾಬರು ನಕ್ಕದ್ದಕ್ಕೆ ಕೆಮ್ಮೇ ಬಂತು. ಖತೀಜಾಬಿಗೂ ನಗು ತಡೆಯಲಾಗಲಿಲ್ಲ, ಹೊರಸು ಅಲುಗಾಡಿತು. ಕಣ್ಣೊರೆಸಿಕೊಳ್ಳುತ್ತ ಕೇಳಿದಳು, "ಅಲ್ಲ, ನೋಡಿದ್ದ ಆತು, ಮುಗೀತು. ಮತ್ತ ಯಾಕ ಕಟ್ಟಿದಿ?"

"ನೀ ಬಿಚ್ಚಬೇಕಲ್ಲ," ಅಂದಳು ಶೇಖವ್ವ.

ಖತೀಜಾಬಿ ಮುದ್ದೆಯನ್ನು ಮಡಿಲಿಗೆ ಎಳೆದುಕೊಂಡಳು. ಹುರಿ ಬಿರುಸಾಗಿತ್ತು, ನಾನು ಗೋಡೆಯ ಮೇಲಿಂದ ಕತ್ತರಿ ಚಾಚಿದೆ. ಆಕೆ ತಲೆಯೆತ್ತದೆ ಬೇಡವೆಂದು ಕೈಯಾಡಿಸಿ, ಮೊದಲ ಗಂಟಿಗೆ ಉಗುರು ಹಾಕಿದಳು.