ದೇವರ ಜಗಲಿಯ ಮೇಲಿನ ಜಪಾನಿ ಭುಜರಕ್ಷೆ

೧೯೯೮ರ ನವೆಂಬರ್ ೧೪, ಶನಿವಾರ. ದಿನಾಂಕ ನನ್ನ ದಿನಚರಿಯದು. ವಾರವನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಬೆಳಗಿನ ಬಸ್ಸಿನಲ್ಲಿ ಧಾರವಾಡ ಬಿಟ್ಟೆ. ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತ ಬಸ್ಸು ಹಳಿಯಾಳ ಮುಟ್ಟಿದಾಗ ಮಂಜು ಕರಗಿ ಬಿಸಿಲೇರಿತ್ತು.

ನಿಲ್ದಾಣದಲ್ಲಿ ಪರಶುರಾಮ ಕಾದಿದ್ದರು. ಅವರು ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ನೌಕರರು. ಅವರ ಅಜ್ಜ ಎರಡನೆಯ ಮಹಾಯುದ್ಧದ ಕಾಲದ ಸಿಪಾಯಿ. ಸಮುರಾಯ್ ಯೋಧರ ಭುಜರಕ್ಷೆಯೊಂದನ್ನು ಮನೆಗೆ ತಂದಿದ್ದರು. ದಸರೆಯ ಖಂಡೇಪೂಜೆಯಲ್ಲಿ ಮನೆಯ ಕತ್ತಿಯ ಜೊತೆ ಅದಕ್ಕೂ ಪೂಜೆ ಸಲ್ಲುತ್ತಿತ್ತು. ಈ ದಸರೆಯಲ್ಲಿ ಪರಶುರಾಮರ ಕಾಕಾ ಅದು ಚರ್ಮದ್ದೆಂದೂ, ದೇವರ ಜಗಲಿಯಿಂದ ಇಳಿಸುವತನಕ ಈ ಮನೆಯ ಊಟ ಮುಟ್ಟುವುದಿಲ್ಲವೆಂದೂ ಹೇಳಿ ಎದ್ದು ಹೋಗಿದ್ದರು. ಹಳೆಯ ಆಯುಧಗಳ ಅಧ್ಯಯನದಲ್ಲಿ ಸೇವಾವಧಿ ಕಳೆದ ನನ್ನನ್ನು ಕರೆಸಿದ್ದು ಅದಕ್ಕಾಗಿ.

"ಮೊದಲ ಅವಲಕ್ಕಿ ತಿನ್ರಿ, ಆಮ್ಯಾಲ ನ್ಯಾಯ ಹೇಳೂವಂತ್ರಿ," ಎಂದರು ಮನೆಯ ಹೊಸ್ತಿಲಲ್ಲಿ ಎದುರಾದ ಪರಶುರಾಮರ ತಾಯಿ ರುಕ್ಮಾಬಾಯಿ.

ಭುಜರಕ್ಷೆಯನ್ನು ಬಿಸಿಲಿಗೆ ತಂದಿಟ್ಟಾಗ ನಾನು ಬೆರಗಾದೆ. ಉಗುರಿನಗಲದ ನೂರಾರು ತುಣುಕುಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಹೊಂದಿಸಿ, ಮರದ ಹಾಲಿನ ಕಪ್ಪು ಮೆರುಗನ್ನು ಪದರಪದರವಾಗಿ ಬಳಿದು, ಸಾಲುಗಳನ್ನು ನೀಲಿ ರೇಷ್ಮೆಯ ಹುರಿಯಿಂದ ಹೆಣೆದಿದ್ದರು. ತೋಳೆತ್ತಿದರೆ ಸಾಲುಗಳು ಒಂದರೊಳಗೊಂದು ಮಡಚಿಕೊಳ್ಳುತ್ತವೆ, ಇಳಿಸಿದರೆ ಬಿಚ್ಚಿಕೊಳ್ಳುತ್ತವೆ. ವರ್ಷವರ್ಷ ಹಚ್ಚಿದ ಎಣ್ಣೆ, ಅರಿಸಿನಗಳಿಂದ ಹುರಿ ಮಾತ್ರ ಜಿಡ್ಡಾಗಿತ್ತು.

ದಾರಕ್ಕೆ ಕಟ್ಟಿದ ಸಣ್ಣ ಅಯಸ್ಕಾಂತವನ್ನು ಸಾಲಿನುದ್ದಕ್ಕೂ ಸರಿಸಿದೆ. ಒಂದೆಡೆ ಗಟ್ಟಿಯಾಗಿ ಹಿಡಿಯಿತು, ಪಕ್ಕದಲ್ಲಿ ಸಡಿಲವಾಯಿತು, ಮತ್ತೆ ಹಿಡಿಯಿತು. ಮೆರುಗು ಹಾರಿದ ಮೂಲೆಯಲ್ಲಿ ತುಕ್ಕಿನ ಪಕ್ಕದಲ್ಲೇ ಚರ್ಮದ ಎಳೆ ಕಂಡಿತು.

"ಖರೇ ಹೇಳ್ರಿ ಸರ," ಎಂದರು ರುಕ್ಮಾಬಾಯಿ. "ಕಬ್ಬಿಣೋ, ಚರ್ಮೋ?"

"ಎರಡೂ ಐತ್ರಿ. ಒಂದು ಕಬ್ಬಿಣ, ಒಂದು ಚರ್ಮ. ಬರೇ ಕಬ್ಬಿಣ ಆದ್ರ ತೋಳು ಸೋಲತೈತಿ, ಬರೇ ಚರ್ಮ ಆದ್ರ ಬಾಣ ತಡಿಯೂದಿಲ್ಲ."

"ಅವ್ವಾ, ಕಾಕಾ ಅರ್ಧಾ ಗೆದ್ದ!" ಎಂದು ಪರಶುರಾಮ ನಕ್ಕರು.

ರುಕ್ಮಾಬಾಯಿ ತುಣುಕುಗಳ ಮೇಲೆ ಬೆರಳಾಡಿಸಿದರು. "ಹೊರಾಂವಗ ಭಾರ ಆಗಬಾರದಂತ ಇಷ್ಟ ವಿಚಾರ ಮಾಡ್ಯಾರಲಾ! ಇಳಸೂದಿಲ್ಲ ನಾ. ದೇವ್ರ ಮುಂದ ಬಾರಸೂ ಹಲಗಿ ಯಾತರದ್ದಂತ ಮೈದುನಗ ಕೇಳ್ತೇನಿ. ಅಂವ ಊಟಕ್ಕ ಬರ್ಲಿಲ್ಲಂದ್ರ ಅವನ ಪಾಲಿನ ಹೋಳಿಗಿ ನೀನ ತಿನ್ನು, ಪರಶ್ಯಾ."

ಎಣ್ಣೆ ಹಚ್ಚಬೇಡಿರೆಂದು ನಾನು ಬೇಡಿಕೊಂಡೆ. "ಹೂವು ಅಷ್ಟ ಏರಸ್ತೇನಿ ಬಿಡ್ರಿ," ಎಂದು ಒಪ್ಪಿದರು. ಬೀಳ್ಕೊಡುವಾಗ, ತಮ್ಮ ಮಾವನವರು ಬರ್ಮಾದ ಕಾಳಗದಲ್ಲಿ ವೈರಿಯ ಹೆಗಲಿನಿಂದ ಅದನ್ನು ಕಿತ್ತು ತಂದ ಕಥೆಯನ್ನು, ಅವರ ಪಲ್ಟನ್ನಿನ ಹೆಸರು ಸಮೇತ, ಹೆಮ್ಮೆಯಿಂದ ಹೇಳಿದರು.

ಧಾರವಾಡಕ್ಕೆ ಮರಳಿ ಆ ಪಲ್ಟನ್ನಿನ ಮುದ್ರಿತ ಇತಿಹಾಸವನ್ನು ತೆಗೆದು ನೋಡಿದೆ. ಅವರ ತುಕಡಿ ಬರ್ಮಾದಲ್ಲಿ ಹೋರಾಡಿರಲೇ ಇಲ್ಲ. ಇಟಲಿಯಲ್ಲಿ ಹೋರಾಡಿ, ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಕಾವಲಿಗೆಂದು ಜಪಾನಿಗೆ ಹೋಗಿತ್ತು. ನಾನು ಅಂದು ತೆಗೆದ ಛಾಯಾಚಿತ್ರಗಳಲ್ಲಿಯೂ ಭುಜಕ್ಕೆ ಬಿಗಿಯುವ ಹುರಿಗಳು ಹರಿದಿಲ್ಲ, ಕತ್ತರಿಸಿಲ್ಲ. ಯಾರೋ ಸಾವಧಾನದಿಂದ ಗಂಟು ಬಿಚ್ಚಿದ್ದಾರೆ. ಕೈಯಾರೆ ಬಿಚ್ಚಿ ಕೊಟ್ಟವರು ಯಾರೆಂಬುದು ಮಾತ್ರ ಯಾವ ದಾಖಲೆಯಲ್ಲಿಯೂ ಇಲ್ಲ.